ಪೆನ್‌ಡ್ರೈವ್‌ನಿಂದ ಏಳುವ ಯುನಿಕ್ಸ್ ಹಾರ್ಡ್ ಡಿಸ್ಕ್‌ನಿಂದ ಏಳದಿದ್ದರೆ

ಇನ್‌ಸ್ಟಾಲ್ ಮುಗಿಯಿತು ಎಂದು ಪರದೆ ಹೇಳುತ್ತದೆ. ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಮತ್ತೆ ಆರಂಭಿಸಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ‘ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್’. ಅದೇ ಪೆನ್‌ಡ್ರೈವನ್ನು ಮರಳಿ ಚುಚ್ಚಿದರೆ ಎಲ್ಲವೂ ಸರಿ. ಹಾರ್ಡ್ ಡಿಸ್ಕ್ ಕಾಣಿಸುತ್ತದೆ, ಅದರೊಳಗಿನ ಕಡತಗಳೂ ಕಾಣಿಸುತ್ತವೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳ ಕಚೇರಿಗಳಲ್ಲಿ ಕಂಪ್ಯೂಟರ್ ರಿಪೇರಿಗೆ ಓಡಾಡುವವರಿಗೆ ಇದು ಹೊಸ ದೂರಲ್ಲ. ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಅದರಲ್ಲಿ ಯುನಿಕ್ಸ್ ಬಗೆಯ ಫ್ರೀಬಿಎಸ್‌ಡಿ ಅಥವಾ ಲಿನಕ್ಸ್, ಅದರೊಳಗೆ ಗಿರಣಿಯ ಖರೀದಿ ಲೆಕ್ಕ. ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಸಾಹುಕಾರರಿಗೆ ಬೇಕಾಗಿರುವುದು ಯಂತ್ರ ಏಳುವುದು ಮಾತ್ರ, ಏಕೆ ಏಳಲಿಲ್ಲ ಎಂಬ ವಿವರಣೆಯಲ್ಲ.

ಈ ಆತುರದಲ್ಲಿ ಹೆಚ್ಚಿನವರು ಮಾಡುವ ಕೆಲಸ ಮರು ಇನ್‌ಸ್ಟಾಲ್. ನನಗೆ ಇದರಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ. ಮೊದಲ ಸಲ ಏನು ತಪ್ಪಿತ್ತೋ ಅದು ಎರಡನೆಯ ಸಲವೂ ಹಾಗೆಯೇ ಇರುತ್ತದೆ. ಏಕೆಂದರೆ ತಪ್ಪು ಬಹುಪಾಲು ಇನ್‌ಸ್ಟಾಲ್‌ನೊಳಗೆ ಇರುವುದೇ ಇಲ್ಲ, ಯಂತ್ರದ ಬಯಾಸ್ (ಮದರ್‌ಬೋರ್ಡಿನಲ್ಲೇ ಇದ್ದು ಎಲ್ಲಕ್ಕಿಂತ ಮೊದಲು ಓಡುವ ತಂತ್ರಾಂಶ) ಮತ್ತು ಡಿಸ್ಕ್‌ನ ನಡುವಿನ ಒಪ್ಪಂದದಲ್ಲಿ ಇರುತ್ತದೆ. ಹಳೆಯ ಲೆಕ್ಕವಿದ್ದ ಡಿಸ್ಕ್ ಆಗಿದ್ದರೆ ಮರು ಇನ್‌ಸ್ಟಾಲ್ ಆ ಲೆಕ್ಕವನ್ನೂ ಅಳಿಸಿ ಹಾಕುತ್ತದೆ.

ಯಂತ್ರ ಬೂಟ್ ಆಗುವುದು, ಅಂದರೆ ಏಳುವುದು, ಒಂದೇ ಏಟಿಗೆ ಅಲ್ಲ, ಕೈಯಿಂದ ಕೈಗೆ ಕೆಲಸ ದಾಟಿಸುತ್ತ. ಮೊದಲು ಫರ್ಮ್‌ವೇರ್, ಅಂದರೆ ಹಳೆಯ ಯಂತ್ರಗಳಲ್ಲಿ ಬಯಾಸ್, ಈಚಿನವುಗಳಲ್ಲಿ ಯುಇಎಫ್‌ಐ. ಅದು ಡಿಸ್ಕ್‌ನ ಬೂಟ್ ಕೋಡ್‌ಗೆ, ಬೂಟ್ ಕೋಡ್ ಲೋಡರ್‌ಗೆ, ಲೋಡರ್ ಕರ್ನಲ್‌ಗೆ ಕೆಲಸ ಒಪ್ಪಿಸುತ್ತದೆ. ವ್ಯವಸ್ಥೆಯ ತಿರುಳಾದ ಕರ್ನಲ್ ಮೂಲ ಕಡತ ವ್ಯವಸ್ಥೆಯನ್ನು ಹುಡುಕಿ ಮೌಂಟ್ ಮಾಡಿದ, ಅಂದರೆ ಬಳಕೆಗೆ ಜೋಡಿಸಿಕೊಂಡ ಮೇಲೆ ಲಾಗಿನ್ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ ತನ್ನ ಗದ್ದೆಗೆ ನೀರು ಬರಲಿಲ್ಲವೆಂದು ಗದ್ದೆಯನ್ನು ಮತ್ತೊಮ್ಮೆ ಉಳುವುದಿಲ್ಲ. ನೀರು ಎಲ್ಲಿಯವರೆಗೆ ಬಂದಿದೆ ಎಂದು ತೂಬಿನಿಂದ ತೂಬಿಗೆ ನಡೆದು ನೋಡುತ್ತಾನೆ. ಇಲ್ಲಿಯೂ ಮಾಡಬೇಕಾದದ್ದು ಅಷ್ಟೇ. ಪರದೆಯ ಕೊನೆಯ ಸಾಲು ಯಾರದು ಎಂದು ಗುರುತಿಸಿದರೆ ಕೆಲಸ ಯಾರ ಕೈಯಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ.

ಆದ್ದರಿಂದ ಫೋನ್ ಬಂದ ಕೂಡಲೇ ನಾನು ಕೇಳುವುದು ಪರದೆಯ ಫೋಟೋ. “ಏನೂ ಇಲ್ಲ ಸರ್, ಕಪ್ಪಗಿದೆ” ಎಂದು ಗುಮಾಸ್ತರು ಹೇಳುತ್ತಾರೆ. “ಇರಲಿ, ಮೊಬೈಲ್‌ನಲ್ಲಿ ಹೊಡೆದು ಕಳುಹಿಸಿ” ಎಂದರೆ, ಬಂದ ಫೋಟೋದಲ್ಲಿ ಎಡ ಮೂಲೆಯಲ್ಲಿ ಒಂದು ಸಣ್ಣ ಸಾಲು ಕುಳಿತಿರುತ್ತದೆ. ನೋಡುವ ಅಭ್ಯಾಸವಿಲ್ಲದ ಕಣ್ಣಿಗೆ ಅದು ಇಲ್ಲದ ಹಾಗೆಯೇ.

ಇನ್ನೊಂದು ಮಾತು. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಅವುಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಒತ್ತಬೇಕು. ವಿವರಗಳು ಮುಖ್ಯವಾಗಿ ಫ್ರೀಬಿಎಸ್‌ಡಿಯವು. ಲಿನಕ್ಸ್‌ನಲ್ಲಿ ದಾರಿ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ಮೊದಲು ಡಿಸ್ಕ್‌ನ ಪ್ರಾಣ

ಡಿಸ್ಕ್‌ನಲ್ಲಿ ಬೇಕಾದ ಮಾಹಿತಿ ಇದೆಯೇ, ಇದ್ದರೆ ಅದರ ಪ್ರತಿ ಬೇರೆಲ್ಲಾದರೂ ಇದೆಯೇ ಎಂದು ಕೇಳದೆ ಯಾವ ಆಜ್ಞೆಯನ್ನೂ ಕೊಡಬೇಡಿ. ಡಿಸ್ಕ್ ‘ಟಿಕ್ ಟಿಕ್’ ಎನ್ನುತ್ತಿದ್ದರೆ ಅಥವಾ ಕಡತ ತೆರೆಯಲು ವಿಪರೀತ ಸಮಯ ತೆಗೆದುಕೊಳ್ಳುತ್ತಿದ್ದರೆ ಬೂಟ್ ರಿಪೇರಿಯನ್ನು ಅಲ್ಲಿಗೇ ಬಿಟ್ಟು, ಮೊದಲು ಇಡೀ ಡಿಸ್ಕನ್ನು ಇನ್ನೊಂದಕ್ಕೆ ನಕಲು ಮಾಡಬೇಕು. ಫ್ರೀಬಿಎಸ್‌ಡಿಯಲ್ಲಿ ಇದಕ್ಕೆಂದೇ ‘ರಿಕವರ್‌ಡಿಸ್ಕ್’ ಎಂಬ ಆಜ್ಞೆ ಇದೆ. ಲಿನಕ್ಸ್‌ನಲ್ಲಿ ‘ಡಿಡಿರೆಸ್ಕ್ಯೂ’ ಹಾಕಿಕೊಳ್ಳಬಹುದು. ಇವು ಓದಲಾಗದ ಜಾಗವನ್ನು ಸದ್ಯಕ್ಕೆ ಬಿಟ್ಟು ಮುಂದೆ ಹೋಗಿ, ಸಿಕ್ಕಷ್ಟನ್ನು ಮೊದಲು ಉಳಿಸಿಕೊಳ್ಳುತ್ತವೆ.

ಕಿವಿಗೆ ಏನೂ ಕೇಳಿಸದಿದ್ದರೂ ‘ಸ್ಮಾರ್ಟ್’ ಅಂಕಿಗಳನ್ನು, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು, ನೋಡುವುದು ಒಳ್ಳೆಯದು. ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ‘ಸ್ಮಾರ್ಟ್‌ಸಿಟಿಎಲ್ -ಎ’ ಮುಂದೆ ಡಿಸ್ಕ್‌ನ ಹೆಸರು ಸೇರಿಸಿ ಕೊಟ್ಟರೆ ಉದ್ದದ ಪಟ್ಟಿ ಬರುತ್ತದೆ. ಅದರಲ್ಲಿ ನಾಲ್ಕು ಸಾಲು ನೋಡಿದರೆ ಸಾಕು. 5ನೆಯದು ಕೆಟ್ಟು ಬದಲಾದ ಸೆಕ್ಟರ್‌ಗಳ ಎಣಿಕೆ. 197 ಓದಲು ತಿಣುಕಾಡುತ್ತಿರುವ ಸೆಕ್ಟರ್‌ಗಳದು, 198 ಓದಲಾಗದೆಯೇ ಉಳಿದವುಗಳದು. 199 ಮಾತ್ರ ಡಿಸ್ಕ್‌ನದ್ದಲ್ಲ, ಅದು ಕೇಬಲ್ ದಾರಿಯಲ್ಲಿ ಮಾಹಿತಿ ಕೆಟ್ಟ ಲೆಕ್ಕ. 197 ಮತ್ತು 198 ಸೊನ್ನೆಯಾಗಿದ್ದು 199 ಏರುತ್ತಿದ್ದರೆ ಹೊಸ ಡಿಸ್ಕ್ ತರಿಸುವ ಅಗತ್ಯವಿಲ್ಲ. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿ ನೋಡಿ. ಗಿರಣಿಯ ಕಚೇರಿಯಲ್ಲಿ ಇದನ್ನು ಹೆಚ್ಚು ಒತ್ತಿ ಹೇಳುವುದಕ್ಕೆ ಕಾರಣವಿದೆ. ಯಂತ್ರದ ಪಕ್ಕದ ಗೋಡೆ ಸೀಸನ್ನಿನಲ್ಲಿ ದಿನವಿಡೀ ನಡುಗುತ್ತಿರುತ್ತದೆ, ಕ್ಯಾಬಿನೆಟ್ಟಿನೊಳಗೆ ತೌಡಿನ ಪುಡಿ, ಹೊಟ್ಟಿನ ಧೂಳು. ಸಂಡೂರಿನ ಕಡೆ ಹೋದರೆ ಅದು ಅದಿರಿನ ಕೆಂಪು ಧೂಳು, ಶಕ್ತಿನಗರದ ಸುತ್ತ ಹಾರುಬೂದಿ. ಲಾಕ್ ಇಲ್ಲದ ಹಳೆಯ ಸಾಟಾ ಕೇಬಲ್ ಇಂಥ ಕಡೆ ತಾನಾಗಿಯೇ ಒಂದು ಕೂದಲೆಳೆಯಷ್ಟು ಹೊರಗೆ ಸರಿಯುತ್ತದೆ. ಯಂತ್ರದ ವಿದ್ಯುತ್ ತೆಗೆದು, ಕೇಬಲ್ಲನ್ನು ಎರಡೂ ತುದಿಯಲ್ಲಿ ಬಿಚ್ಚಿ, ಒಣ ಬ್ರಷ್ಷಿನಿಂದ ಒರೆಸಿ ಮತ್ತೆ ಒತ್ತುವುದು ಎಷ್ಟೋ ಸಲ ಇಡೀ ರಿಪೇರಿಯೇ ಆಗಿಬಿಡುತ್ತದೆ.

ಫರ್ಮ್‌ವೇರ್‌ಗೆ ಡಿಸ್ಕ್ ಕಾಣಿಸುತ್ತದೆಯೇ?

ಯಂತ್ರ ಹಾಕಿದ ಕೂಡಲೇ ಎಫ್12 ಒತ್ತಿ ಬೂಟ್ ಮೆನು ತೆರೆಯಿರಿ. ಕೆಲವು ಕಂಪನಿಗಳ ಯಂತ್ರಗಳಲ್ಲಿ ಅದು ಎಫ್9, ಎಫ್11 ಅಥವಾ ಎಸ್ಕೇಪ್. ಅಲ್ಲಿ ಡಿಸ್ಕ್‌ನ ಹೆಸರೇ ಇಲ್ಲದಿದ್ದರೆ ಯುನಿಕ್ಸ್‌ನ ಮಾತು ಇನ್ನೂ ಆರಂಭವಾಗಿಲ್ಲ, ನಿಮ್ಮ ಕೆಲಸ ಸ್ಕ್ರೂಡ್ರೈವರ್‌ನದು. ಆದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಡಿಸ್ಕ್ ಕಾಣಿಸಿ, ಬೂಟ್ ಮೆನುವಿನಲ್ಲಿ ಮಾತ್ರ ಕಾಣಿಸದಿದ್ದರೆ ಸ್ವಲ್ಪ ಯೋಚಿಸಬೇಕು. ಪೆನ್‌ಡ್ರೈವ್‌ನಿಂದ ಕರ್ನಲ್ ಮೇಲೇಳಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಡಿಸ್ಕ್ ತಿರುಗಲು ಶುರುವಾಗಿರುತ್ತದೆ. ಬಯಾಸ್ ಅಷ್ಟು ಕಾಯುವುದಿಲ್ಲ. ಬೆಳಿಗ್ಗೆ ಮೊದಲ ಸಲ ಏಳದ ಯಂತ್ರ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದ ಕೂಡಲೇ ಏಳುತ್ತದೆ ಎಂದರೆ ರೋಗ ಇದೇ. ಬಯಾಸ್‌ನಲ್ಲಿ ‘ಫಾಸ್ಟ್ ಬೂಟ್’ ಆಫ್ ಮಾಡಿ, ಡಿಸ್ಕ್‌ಗಾಗಿ ಕೆಲವು ಸೆಕೆಂಡ್ ಕಾಯುವ ಆಯ್ಕೆ ಇದ್ದರೆ ಅದನ್ನು ಹಾಕಿ. ಹೀಗೆ ನಿಧಾನವಾಗಿ ತಿರುಗುವ ಡಿಸ್ಕ್‌ಗೆ ವಯಸ್ಸಾಗಿರಬಹುದು, ಇಲ್ಲವೇ ಯಂತ್ರಕ್ಕೆ ವಿದ್ಯುತ್ ಹಂಚುವ ಪೆಟ್ಟಿಗೆ, ಎಸ್‌ಎಂಪಿಎಸ್, ಸೊರಗಿರಬಹುದು.

ಎಸ್‌ಎಂಪಿಎಸ್ ಪರೀಕ್ಷೆಗೆ ಮಲ್ಟಿಮೀಟರ್ ಸಾಕು. 12 ವೋಲ್ಟ್‌ನ ಹಳದಿ ತಂತಿ 11.4ರಿಂದ 12.6ರೊಳಗೆ, 5 ವೋಲ್ಟ್‌ನ ಕೆಂಪು ತಂತಿ 4.75ರಿಂದ 5.25ರೊಳಗೆ ಇರಬೇಕು. ದೊಡ್ಡ ಹಾರ್ಡ್ ಡಿಸ್ಕ್‌ನ ಮೋಟಾರಿಗೆ 12 ವೋಲ್ಟ್ ಬೇಕು, ಎಸ್‌ಎಸ್‌ಡಿಗೆ 5 ವೋಲ್ಟ್ ಸಾಕು. ಹಾಗಾಗಿ ಅದೇ ಯಂತ್ರದಲ್ಲಿ ಎಸ್‌ಎಸ್‌ಡಿ ಏಳುತ್ತದೆ, ಹಾರ್ಡ್ ಡಿಸ್ಕ್ ಏಳುವುದಿಲ್ಲ ಎಂದರೆ ಹಳದಿ ತಂತಿಯನ್ನು ಮೊದಲು ಅನುಮಾನಿಸಿ. ಅಳತೆಯನ್ನು ಗಿರಣಿ ನಿಂತಿರುವಾಗ ಒಮ್ಮೆ, ದೊಡ್ಡ ಮೋಟಾರು ಶುರುವಾಗುವ ಹೊತ್ತಿಗೆ ಇನ್ನೊಮ್ಮೆ ತೆಗೆಯಬೇಕು. ಭಾನುವಾರ ಅಳೆದು ‘ಎಲ್ಲ ಸರಿ ಇದೆ’ ಎಂದು ಹೇಳಿ ಬಂದರೆ ಸೋಮವಾರ ಮತ್ತೆ ಫೋನ್ ಬರುತ್ತದೆ.

ಇನ್ನು ಮದರ್‌ಬೋರ್ಡಿನ ಮೇಲಿನ ಆ ನಾಣ್ಯದಂಥ ಸಿಆರ್2032 ಬ್ಯಾಟರಿ. ನಮ್ಮ ಕಡೆಯ ‘ನಿನ್ನೆವರೆಗೆ ಸರಿಯಿತ್ತು’ ಎಂಬ ದೂರುಗಳಲ್ಲಿ ಇದರ ಪಾಲು ದೊಡ್ಡದು. ಗಿರಣಿಗಳಲ್ಲಿ ರಾತ್ರಿ ಮೇನ್ ಸ್ವಿಚ್ಚನ್ನೇ ಇಳಿಸಿ ಹೋಗುವ ರೂಢಿ. ಗೋಡೆಯಿಂದ ವಿದ್ಯುತ್ ಬರುತ್ತಿರುವಷ್ಟು ಹೊತ್ತು ಬಯಾಸ್‌ನ ನೆನಪನ್ನು ಎಸ್‌ಎಂಪಿಎಸ್‌ನ ಸ್ಟ್ಯಾಂಡ್‌ಬೈ ಹೊರುತ್ತದೆ. ಮೇನ್ ಇಳಿದ ಮೇಲೆ ಆ ಹೊರೆ ಪೂರ್ತಿ ಬ್ಯಾಟರಿಯದು. 3 ವೋಲ್ಟ್‌ನ ಬ್ಯಾಟರಿ ಕುಗ್ಗಿದಾಗ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಅದರ ಜೊತೆಗೆ ಹಲವು ಯಂತ್ರಗಳಲ್ಲಿ ಸೆಟ್ಟಿಂಗ್‌ಗಳೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಲೆಗಸಿ (ಹಳೆಯ ಬಯಾಸ್ ದಾರಿ) ಇದ್ದದ್ದು ಯುಇಎಫ್‌ಐ ಆಗುತ್ತದೆ, ಸಹಿಯಿಲ್ಲದ ಲೋಡರನ್ನು ತಡೆಯುವ ಸೆಕ್ಯೂರ್ ಬೂಟ್ ಮತ್ತೆ ಚಾಲೂ ಆಗುತ್ತದೆ, ಬೂಟ್ ಕ್ರಮ ಏರುಪೇರಾಗುತ್ತದೆ. ಡಿಸ್ಕ್‌ನಲ್ಲಿ ಒಂದಕ್ಷರವೂ ಬದಲಾಗದೆ ಬೂಟ್ ನಿಂತುಹೋಗುತ್ತದೆ. ಹಾಗಾಗಿ ಬೂಟ್ ಆಗದ ಯಂತ್ರದ ಬಯಾಸ್ ತೆರೆದಾಗ ನಾನು ಮೊದಲು ನೋಡುವುದು ದಿನಾಂಕ. ಅದು ಹಳೆಯ ವರ್ಷ ತೋರಿಸುತ್ತಿದ್ದರೆ ಬ್ಯಾಟರಿ ಬದಲಿಸಿ, ಸೆಟ್ಟಿಂಗ್ ಸರಿಪಡಿಸಿ, ಆಮೇಲೆ ಮುಂದಿನ ಮಾತು.

ಎರಡು ದಾರಿಗಳ ಗೊಂದಲ

ಹೊಸದಾಗಿ ಇನ್‌ಸ್ಟಾಲ್ ಮಾಡಿದ ಯಂತ್ರ ಏಳದಿದ್ದರೆ ಹೆಚ್ಚಾಗಿ ಕಾರಣ ಇದು. ಇಂದಿನ ಪೆನ್‌ಡ್ರೈವ್‌ಗಳು ಲೆಗಸಿ ದಾರಿಯಲ್ಲೂ ಯುಇಎಫ್‌ಐ ದಾರಿಯಲ್ಲೂ ಏಳುತ್ತವೆ. ಬೂಟ್ ಮೆನುವಿನಲ್ಲಿ ಅದೇ ಪೆನ್‌ಡ್ರೈವ್ ಎರಡು ಸಲ ಕಾಣಿಸುತ್ತದೆ, ಒಂದರ ಹಿಂದೆ ‘ಯುಇಎಫ್‌ಐ’ ಎಂದು ಇರುತ್ತದೆ. ಕೈಗೆ ಸಿಕ್ಕಿದ್ದನ್ನು ಆರಿಸಿ ಇನ್‌ಸ್ಟಾಲ್ ಮಾಡಿರುತ್ತೀರಿ. ಇನ್‌ಸ್ಟಾಲರ್ ತಾನು ಯಾವ ದಾರಿಯಲ್ಲಿ ಎದ್ದಿತೋ ಆ ದಾರಿಗೆ ತಕ್ಕಂತೆ ಡಿಸ್ಕನ್ನು ಸಿದ್ಧಪಡಿಸುತ್ತದೆ. ಆದರೆ ಯಂತ್ರ ಡಿಸ್ಕನ್ನು ಹುಡುಕುವುದು ಬಯಾಸ್‌ನಲ್ಲಿ ಬರೆದಿರುವ ದಾರಿಯಲ್ಲಿ.

ಪತ್ತೆ ಸುಲಭ. ಫ್ರೀಬಿಎಸ್‌ಡಿ ಪೆನ್‌ಡ್ರೈವ್‌ನಿಂದ ಎದ್ದು, ಇನ್‌ಸ್ಟಾಲ್ ಬದಲು ಲೈವ್ ವ್ಯವಸ್ಥೆಯನ್ನು ಆರಿಸಿ, ‘ರೂಟ್’ ಹೆಸರಿನಲ್ಲಿ ಲಾಗಿನ್ ಆಗಿ, ಪಾಸ್‌ವರ್ಡ್ ಇಲ್ಲ. ‘ಸಿಸ್‌ಸಿಟಿಎಲ್ ಮ್ಯಾಕ್‌ಡೆಪ್.ಬೂಟ್‌ಮೆಥಡ್’ ಎಂದು ಕೊಟ್ಟರೆ ಉತ್ತರ ಯುಇಎಫ್‌ಐ ಅಥವಾ ಬಯಾಸ್ ಎಂದು ಬರುತ್ತದೆ. ಲಿನಕ್ಸ್‌ನಲ್ಲಿ ‘/ಸಿಸ್/ಫರ್ಮ್‌ವೇರ್/ಇಎಫ್‌ಐ’ ಎಂಬ ಡೈರೆಕ್ಟರಿ ಇದ್ದರೆ ಯುಇಎಫ್‌ಐ, ಇಲ್ಲದಿದ್ದರೆ ಲೆಗಸಿ. ಆಮೇಲೆ ‘ಜಿಪಾರ್ಟ್ ಶೋ ಎಡಿಎ0’ ಕೊಟ್ಟು ಡಿಸ್ಕ್‌ನ ಪಾಲುಗಳನ್ನು (ಪಾರ್ಟಿಷನ್) ನೋಡಿ; ‘ಎಡಿಎ0’ ಎಂಬುದು ಫ್ರೀಬಿಎಸ್‌ಡಿಯಲ್ಲಿ ಮೊದಲ ಸಾಟಾ ಡಿಸ್ಕ್‌ನ ಹೆಸರು. ‘ಇಎಫ್‌ಐ’ ಎಂಬ ಪಾಲು ಯುಇಎಫ್‌ಐ ದಾರಿಗೆ, ‘ಫ್ರೀಬಿಎಸ್‌ಡಿ-ಬೂಟ್’ ಎಂಬ ಪುಟ್ಟ ಪಾಲು ಲೆಗಸಿ ದಾರಿಗೆ. ಒಂದೇ ಇದ್ದರೆ ಬಯಾಸ್‌ನ ಸೆಟ್ಟಿಂಗನ್ನು ಅದಕ್ಕೆ ಹೊಂದಿಸಿ, ಮುಗಿಯಿತು. ಎರಡೂ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿಯನ್ನು ನಂಬಲಾಗದ ಕಡೆ ಹೊಸ ಇನ್‌ಸ್ಟಾಲ್ ಮಾಡುವಾಗಲೇ ಎರಡೂ ಇರುವ ‘ಜಿಪಿಟಿ, ಬಯಾಸ್+ಯುಇಎಫ್‌ಐ’ ಆಯ್ಕೆಯನ್ನು (ಜಿಪಿಟಿ ಎಂದರೆ ಪಾಲುಗಳ ಪಟ್ಟಿಯ ಹೊಸ ಬಗೆ) ಹಾಕುವುದು ಜಾಣತನ. ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಇನ್‌ಸ್ಟಾಲ್ ಮೆನುವಿನಲ್ಲಿ ಅದು ನೇರವಾಗಿಯೇ ಸಿಗುತ್ತದೆ.

ಸೆಕ್ಯೂರ್ ಬೂಟ್ ಕುರಿತು ಜನ ಅತಿಯಾಗಿ ಹೆದರುತ್ತಾರೆ. ಫ್ರೀಬಿಎಸ್‌ಡಿಯ ಲೋಡರ್‌ಗೆ ಅದು ಒಪ್ಪುವ ಸಹಿ ಇಲ್ಲ, ಹಾಗಾಗಿ ಅದನ್ನು ಆಫ್ ಮಾಡಲೇಬೇಕು ಎಂಬುದು ನಿಜ. ಆದರೆ ಅದೇ ಯಂತ್ರದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಪೆನ್‌ಡ್ರೈವ್ ಯುಇಎಫ್‌ಐ ದಾರಿಯಲ್ಲಿ ಎದ್ದಿದೆಯೆಂದರೆ ಸೆಕ್ಯೂರ್ ಬೂಟ್ ಅಡ್ಡಿಯಲ್ಲ. ಪೆನ್‌ಡ್ರೈವ್‌ನಲ್ಲಿ ಇರುವುದೂ ಅದೇ ಸಹಿಯಿಲ್ಲದ ಲೋಡರ್. ಪೆನ್‌ಡ್ರೈವ್ ಏಳುವುದು ಇನ್ನೂ ಏನೇನನ್ನು ಸಾಬೀತು ಮಾಡುತ್ತದೆ ಎಂದು ಹೀಗೆಯೇ ಯೋಚಿಸುತ್ತ ಹೋಗಿ. ಪ್ರೊಸೆಸರ್ ಸರಿ, ಮೆಮೊರಿ ಬಹುಮಟ್ಟಿಗೆ ಸರಿ, ಕರ್ನಲ್‌ಗೆ ಈ ಮದರ್‌ಬೋರ್ಡ್ ಒಗ್ಗುತ್ತದೆ. ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯಿತು.

ದಾರಿ ಸರಿಯಿದ್ದೂ ಬೂಟ್ ಕೋಡ್ ಇಲ್ಲದಿದ್ದರೆ

ಯುಇಎಫ್‌ಐ ಯಂತ್ರದಲ್ಲಿ ಬೂಟ್‌ನ ವಿಳಾಸ ಎರಡು ಕಡೆ ಇರಬಹುದು. ಒಂದು, ಮದರ್‌ಬೋರ್ಡಿನ ಸ್ಮೃತಿಯಲ್ಲಿ ಬರೆದ ನಮೂದು. ‘ಇಎಫ್‌ಐಬೂಟ್‌ಎಂಜಿಆರ್ -ವಿ’ ಆ ಪಟ್ಟಿಯನ್ನು ತೋರಿಸುತ್ತದೆ. ಇನ್ನೊಂದು, ಡಿಸ್ಕ್‌ನ ಇಎಫ್‌ಐ ಪಾಲಿನೊಳಗೆ ಎಲ್ಲರೂ ಹುಡುಕುವ ಖಾಯಂ ಜಾಗ: ‘/ಇಎಫ್‌ಐ/ಬೂಟ್/ಬೂಟ್‌ಎಕ್ಸ್64.ಇಎಫ್‌ಐ’. ಡಿಸ್ಕನ್ನು ಒಂದು ಯಂತ್ರದಿಂದ ಕಿತ್ತು ಇನ್ನೊಂದಕ್ಕೆ ಹಾಕಿದಾಗ ಮೊದಲ ನಮೂದು ಹಳೆಯ ಯಂತ್ರದಲ್ಲಿಯೇ ಉಳಿಯುತ್ತದೆ. ಆಗ ಕೈಹಿಡಿಯುವುದು ಎರಡನೆಯದು. ಅದು ಇದೆಯೇ ಎಂದು ನೋಡಲು ‘ಮೌಂಟ್ -ಟಿ ಎಂಎಸ್‌ಡಾಸ್‌ಎಫ್‌ಎಸ್ /ಡೆವ್/ಎಡಿಎ0ಪಿ1 /ಎಂಎನ್‌ಟಿ’ ಎಂದು ಕೊಟ್ಟು ಒಳಗೆ ಇಣುಕಿ. ಕಡತ ಇಲ್ಲದಿದ್ದರೆ ಆ ಹೆಸರಿನ ಡೈರೆಕ್ಟರಿಗಳನ್ನು ಮಾಡಿ, ಪೆನ್‌ಡ್ರೈವ್‌ನಲ್ಲಿಯೇ ಇರುವ ‘/ಬೂಟ್/ಲೋಡರ್.ಇಎಫ್‌ಐ’ ಕಡತವನ್ನು ‘ಬೂಟ್‌ಎಕ್ಸ್64.ಇಎಫ್‌ಐ’ ಎಂಬ ಹೆಸರಿನಲ್ಲಿ ನಕಲು ಮಾಡಿ. ಇಷ್ಟಕ್ಕೇ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ.

ಲೆಗಸಿ ಯಂತ್ರದಲ್ಲಿ ಬಯಾಸ್ ಓದುವುದು ಡಿಸ್ಕ್‌ನ ಮೊದಲ ಸೆಕ್ಟರ್ ಮಾತ್ರ, 512 ಬೈಟ್. ಅದರಲ್ಲಿ 446 ಬೈಟ್ ಕೋಡ್, 64 ಬೈಟ್ ಪಾಲುಗಳ ಪಟ್ಟಿ, ಕೊನೆಯ 2 ಬೈಟ್ ‘ಇದು ಬೂಟ್ ಆಗುವ ಡಿಸ್ಕ್’ ಎಂಬ ಗುರುತು. ಈ ಕೋಡ್ ಕೆಟ್ಟಿದ್ದರೆ ಹೊಸದಾಗಿ ಬರೆಯಬಹುದು: ‘ಜಿಪಾರ್ಟ್ ಬೂಟ್‌ಕೋಡ್ -ಬಿ /ಬೂಟ್/ಪಿಎಂಬಿಆರ್ -ಪಿ /ಬೂಟ್/ಜಿಪಿಟಿಬೂಟ್ -ಐ 1 ಎಡಿಎ0’. ಝಡ್‌ಎಫ್‌ಎಸ್ ಆದರೆ ‘ಜಿಪಿಟಿಬೂಟ್’ ಬದಲು ‘ಜಿಪಿಟಿಝಡ್‌ಎಫ್‌ಎಸ್‌ಬೂಟ್’. ಇಲ್ಲಿ ‘-ಐ’ ಮುಂದಿನ ಅಂಕಿಯನ್ನು ಯಾರದೋ ಬರಹದಿಂದ, ಇದರಿಂದಲೂ ಸೇರಿ, ಕುರುಡಾಗಿ ನಕಲು ಮಾಡಬೇಡಿ. ಎರಡೂ ದಾರಿಗೆ ಸಿದ್ಧವಾದ ಡಿಸ್ಕ್‌ನಲ್ಲಿ 1ನೆಯದು ಇಎಫ್‌ಐ ಪಾಲಾಗಿ, ಬೂಟ್ ಪಾಲು 2ನೆಯದಾಗಿರುವುದು ಸಾಮಾನ್ಯ. ಅಲ್ಲಿ 1 ಎಂದು ಕೊಟ್ಟರೆ ಲೆಗಸಿ ದಾರಿಯನ್ನು ದುರಸ್ತಿ ಮಾಡಲು ಹೋಗಿ ಯುಇಎಫ್‌ಐ ದಾರಿಯನ್ನೇ ಅಗೆದು ಹಾಕಿದಂತೆ. ‘ಜಿಪಾರ್ಟ್ ಶೋ’ ಹೇಳುವ ಅಂಕಿಯೊಂದೇ ಪ್ರಮಾಣ.

ಕೋಡ್ ಸರಿಯಿದ್ದರೂ ಕೆಲವು ಹಳೆಯ ಬಯಾಸ್‌ಗಳು ಜಿಪಿಟಿ ಡಿಸ್ಕನ್ನು ನೋಡಿ ಮುಖ ತಿರುಗಿಸುತ್ತವೆ. ಮೊದಲ ಸೆಕ್ಟರ್‌ನ ಪಟ್ಟಿಯಲ್ಲಿ ‘ಆ್ಯಕ್ಟಿವ್’ ಎಂಬ ಗುರುತು ಇರಲೇಬೇಕು ಎಂಬುದು ಅವುಗಳ ಹಟ. ‘ಜಿಪಾರ್ಟ್ ಸೆಟ್ -ಎ ಆ್ಯಕ್ಟಿವ್ ಎಡಿಎ0’ ಎಂದರೆ ಹಟ ತೀರುತ್ತದೆ.

ಝಡ್‌ಎಫ್‌ಎಸ್ ಬಳಸುವವರಿಗೆ ಬೇರೆಯೇ ಒಂದು ಗುಂಡಿ ಇದೆ. ವ್ಯವಸ್ಥೆಯನ್ನು ಹೊಸ ಆವೃತ್ತಿಗೆ ಏರಿಸಿದ ಮೇಲೆ ಯಾರೋ ಉತ್ಸಾಹದಿಂದ ‘ಝಡ್‌ಪೂಲ್ ಅಪ್‌ಗ್ರೇಡ್’ ಕೊಡುತ್ತಾರೆ. ಆಜ್ಞೆ ಮುಗಿಯುವಾಗ ಬೂಟ್ ಕೋಡನ್ನೂ ಹೊಸದು ಮಾಡಲು ಮರೆಯಬೇಡಿ ಎಂಬ ಎಚ್ಚರಿಕೆ ಬರುತ್ತದೆ, ಅದನ್ನು ಓದುವವರಿಲ್ಲ. ಯಂತ್ರ ಅಂದು ಸರಿಯಾಗಿಯೇ ಓಡುತ್ತದೆ. ಮುಂದಿನ ಸಲ ಕರೆಂಟ್ ಹೋಗಿ ಬಂದಾಗ ಹಳೆಯ ಬೂಟ್ ಕೋಡ್‌ಗೆ ಹೊಸ ಪೂಲ್‌ನ (ಝಡ್‌ಎಫ್‌ಎಸ್ ಡಿಸ್ಕ್ ಗುಂಪಿನ) ಲಿಪಿ ಅರ್ಥವಾಗದೆ ನಿಂತುಬಿಡುತ್ತದೆ; ಆಗ ದೂರು ಬರುವುದು ಕರೆಂಟಿನ ಮೇಲೆ. ಮದ್ದು ಮೇಲಿನದೇ, ಹೊಸ ಪೆನ್‌ಡ್ರೈವ್‌ನಿಂದ ಎದ್ದು ಬೂಟ್ ಕೋಡ್ ಅಥವಾ ಇಎಫ್‌ಐ ಲೋಡರನ್ನು ಮತ್ತೆ ಬರೆಯುವುದು.

ತಿಂಗಳುಗಟ್ಟಲೆ ಓಡಿ, ಕರ್ನಲ್ ಅಪ್‌ಡೇಟ್ ಆದ ಮೇಲೆ ನಿಂತ ತೀರಾ ಹಳೆಯ ಯಂತ್ರವಾದರೆ ಬಯಾಸ್‌ನ ಮಿತಿಯನ್ನು ನೆನಪಿಸಿಕೊಳ್ಳಿ. ಒಂದು ಕಾಲದ ಬಯಾಸ್‌ಗಳು 137 ಜಿಬಿಯಿಂದಾಚೆಗೆ ಓದಲಾರವು, ಅದಕ್ಕೂ ಹಿಂದಿನವು 8.4 ಜಿಬಿಯಿಂದಾಚೆಗೆ. ಎಂಬಿಆರ್ ಪಟ್ಟಿಗೆ (ಮೊದಲ ಸೆಕ್ಟರ್‌ನಲ್ಲಿರುವ ಹಳೆಯ ಬಗೆಯ ಪಾಲುಪಟ್ಟಿ) 2 ಟಿಬಿಯ ಮಿತಿ ಇಂದಿಗೂ ಇದೆ. ಕರ್ನಲ್ ತನ್ನದೇ ಚಾಲಕದಿಂದ ಡಿಸ್ಕ್ ಓದುವುದರಿಂದ ಅದಕ್ಕೆ ಬಯಾಸ್‌ನ ಈ ಮಿತಿ ತಟ್ಟುವುದಿಲ್ಲ. ಬೂಟ್ ಕೋಡ್ ಮಾತ್ರ ಬಯಾಸ್‌ನ ಕಣ್ಣಿನಿಂದಲೇ ನೋಡಬೇಕು. ಮೊದಲ ಕರ್ನಲ್ ಅದೃಷ್ಟವಶಾತ್ ಮಿತಿಯೊಳಗೆ ಬಿದ್ದಿತ್ತು, ಅಪ್‌ಡೇಟ್ ಆದ ಕರ್ನಲ್ ಆಚೆಗೆ ಬಿತ್ತು, ಅಷ್ಟೇ ಕಥೆ. ಡಿಸ್ಕ್‌ನ ಆರಂಭದಲ್ಲಿ ಚಿಕ್ಕದೊಂದು ಪಾಲು ಮಾಡಿ ಬೂಟ್ ಕಡತಗಳನ್ನು ಅಲ್ಲಿಯೇ ಕಟ್ಟಿಹಾಕುವುದು ಇದಕ್ಕೆ ಉಪಾಯ.

ಲಿನಕ್ಸ್‌ನವರಿಗೆ ಒಂದು

ಪೆನ್‌ಡ್ರೈವ್ ಚುಚ್ಚಿದ್ದರೆ ಹಾರ್ಡ್ ಡಿಸ್ಕ್‌ನಲ್ಲಿರುವ ವ್ಯವಸ್ಥೆಯೇ ಏಳುತ್ತದೆ, ತೆಗೆದರೆ ಏಳುವುದಿಲ್ಲ ಎಂಬ ವಿಚಿತ್ರ ದೂರು ಬರುವುದುಂಟು. ಇದರಲ್ಲಿ ಮಾಟಮಂತ್ರ ಇಲ್ಲ. ಇನ್‌ಸ್ಟಾಲ್ ಹೊತ್ತಿಗೆ ಪೆನ್‌ಡ್ರೈವೇ ‘ಎಸ್‌ಡಿಎ’ ಆಗಿತ್ತು, ಲಿನಕ್ಸ್‌ನ ಲೋಡರ್ ಆದ ಗ್ರಬ್ ಅದರ ಮೇಲೆ ಹೋಗಿ ಕುಳಿತಿದೆ. ಪೆನ್‌ಡ್ರೈವ್‌ನ ಗ್ರಬ್ ಮೂಲಕ ಎದ್ದು, ‘ಎಲ್‌ಎಸ್‌ಬಿಎಲ್‌ಕೆ’ ಕೊಟ್ಟು ಗಾತ್ರ ನೋಡಿ ಯಾವ ಡಿಸ್ಕ್ ಯಾವುದೆಂದು ಖಚಿತಪಡಿಸಿಕೊಂಡು, ‘ಗ್ರಬ್-ಇನ್‌ಸ್ಟಾಲ್’ ಆಜ್ಞೆಗೆ ಸರಿಯಾದ ಡಿಸ್ಕ್‌ನ ಹೆಸರು ಕೊಡಿ. ‘ಗ್ರಬ್ ರೆಸ್ಕ್ಯೂ’ ಎಂಬ ಪ್ರಾಂಪ್ಟ್ ಬಂದು ನಿಂತರೆ ಗ್ರಬ್‌ನ ಮೊದಲ ತುಂಡು ಸಿಕ್ಕಿದೆ, ಉಳಿದ ತುಂಡುಗಳಿರುವ ಪಾಲು ಸಿಕ್ಕಿಲ್ಲ ಎಂದರ್ಥ. ಅಲ್ಲಿಯೇ ‘ಎಲ್‌ಎಸ್’ ಕೊಟ್ಟು ಒಂದೊಂದೇ ಪಾಲನ್ನು ಇಣುಕಿ, ಗ್ರಬ್ ಡೈರೆಕ್ಟರಿ ಸಿಕ್ಕ ಪಾಲನ್ನು ‘ಸೆಟ್ ಪ್ರಿಫಿಕ್ಸ್’ ಮೂಲಕ ತೋರಿಸಿ, ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಎಂದರೆ ಮಾಮೂಲಿ ಮೆನು ಬರುತ್ತದೆ. ಎದ್ದ ಮೇಲೆ ಗ್ರಬ್‌ನ್ನು ಮತ್ತೆ ಇನ್‌ಸ್ಟಾಲ್ ಮಾಡದಿದ್ದರೆ ನಾಳೆ ಇದೇ ಕಸರತ್ತು.

ಲೋಡರ್ ಬಂದಿತು, ಮುಂದೆ ಹೋಗಲಿಲ್ಲ

ಫ್ರೀಬಿಎಸ್‌ಡಿಯ ಮೆನು ಕಾಣಿಸಿದರೆ ಅರ್ಧ ಗೆದ್ದಂತೆ. ಕರ್ನಲ್ ಸಿಗಲಿಲ್ಲ ಎಂದು ‘ಓಕೆ’ ಪ್ರಾಂಪ್ಟ್‌ನಲ್ಲಿ ನಿಂತಿದ್ದರೆ ‘ಎಲ್‌ಎಸ್‌ಡೆವ್’ ಕೊಟ್ಟು ಡಿಸ್ಕ್‌ಗಳನ್ನು, ‘ಎಲ್‌ಎಸ್ /ಬೂಟ್’ ಕೊಟ್ಟು ಕಡತಗಳನ್ನು ನೋಡಬಹುದು. ಅಪ್‌ಡೇಟ್ ಆದ ಬಳಿಕ ಕೆಟ್ಟಿದ್ದರೆ ‘ಅನ್‌ಲೋಡ್’, ಆಮೇಲೆ ‘ಬೂಟ್ ಕರ್ನಲ್.ಓಲ್ಡ್’. ಹಿಂದಿನ ಕರ್ನಲ್ ಸಾಮಾನ್ಯವಾಗಿ ಅಲ್ಲಿಯೇ ಇರುತ್ತದೆ. ಜಾಗ ಉಳಿಸಲು ಅದನ್ನು ಅಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕರ್ನಲ್ ಎದ್ದು, ಸಾಲು ಸಾಲಾಗಿ ಸಾಧನಗಳ ಹೆಸರು ಓಡಿ, ಕೊನೆಗೆ ‘ಮೌಂಟಿಂಗ್ ಫ್ರಂ ಯುಎಫ್‌ಎಸ್ … ಫೇಲ್ಡ್ ವಿತ್ ಎರರ್ 19’ ಎಂದು ಬಂದು ‘ಮೌಂಟ್‌ರೂಟ್’ ಪ್ರಾಂಪ್ಟ್‌ನಲ್ಲಿ ನಿಲ್ಲುವುದು ಇನ್ನೊಂದು ಬಗೆ. ಯುಎಫ್‌ಎಸ್ ಫ್ರೀಬಿಎಸ್‌ಡಿಯ ಇನ್ನೊಂದು ಕಡತ ವ್ಯವಸ್ಥೆ, 19 ಎಂದರೆ ಆ ಹೆಸರಿನ ಸಾಧನವೇ ಇಲ್ಲ. ಡಿಸ್ಕ್ ಸತ್ತಿತು ಎಂದು ಗಾಬರಿಯಾಗಬೇಡಿ, ಹೆಸರು ಬದಲಾಗಿರುವ ಸಂಭವವೇ ಹೆಚ್ಚು. ಅಂಗಡಿಯಲ್ಲಿ ಯುಎಸ್‌ಬಿ ಡಬ್ಬಿಗೆ ಡಿಸ್ಕ್ ಹಾಕಿ ಇನ್‌ಸ್ಟಾಲ್ ಮಾಡಿದಾಗ ಅದರ ಹೆಸರು ‘ಡಿಎ0’. ಗಿರಣಿಗೆ ಒಯ್ದು ಸಾಟಾ ಕೇಬಲ್‌ಗೆ ಜೋಡಿಸಿದಾಗ ‘ಎಡಿಎ0’. ಯಾವ ಪಾಲನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಬರೆದಿರುವ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಮಾತ್ರ ಹಳೆಯ ಹೆಸರು. 2012ರಲ್ಲಿ ಬಂದ 9.0 ಆವೃತ್ತಿಯಲ್ಲಿ ‘ಎಡಿ’ ಹೋಗಿ ‘ಎಡಿಎ’ ಬಂದಾಗಲೂ ಇದೇ ಬಗೆಯ ಗೊಂದಲಕ್ಕೆ ದಾರಿಯಾಗಿತ್ತು. ಪ್ರಾಂಪ್ಟ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಇರುವ ಸಾಧನಗಳ ಪಟ್ಟಿ ಬರುತ್ತದೆ. ‘ಯುಎಫ್‌ಎಸ್:/ಡೆವ್/ಎಡಿಎ0ಪಿ2’ ಎಂಬಂತೆ ಸರಿಯಾದದ್ದನ್ನು ಕೊಟ್ಟರೆ ಯಂತ್ರ ಮುಂದಕ್ಕೆ ಸಾಗುತ್ತದೆ. ಒಳಗೆ ಹೋದ ಮೇಲೆ ‘ಮೌಂಟ್ -ಯು -ಓ ಆರ್‌ಡಬ್ಲ್ಯು /’ ಕೊಟ್ಟು ಬರೆಯಲು ಅವಕಾಶ ಮಾಡಿಕೊಂಡು, ಎಫ್‌ಎಸ್‌ಟ್ಯಾಬ್ ತಿದ್ದಿ. ‘/ಯುಎಸ್‌ಆರ್’ ಮೌಂಟ್ ಆಗದೆ ಎಡಿಟರ್ ಸಿಗದಿದ್ದರೆ ‘/ರೆಸ್ಕ್ಯೂ/ವಿಐ’ ಇದೆ.

ತಿದ್ದುವಾಗ ಮತ್ತೆ ಸಾಧನದ ಹೆಸರನ್ನೇ ಬರೆಯುವುದಕ್ಕಿಂತ ಲೇಬಲ್ ಬರೆಯುವುದು ಲೇಸು. ‘ಜಿಪಾರ್ಟ್ ಮಾಡಿಫೈ -ಐ 2 -ಎಲ್ ಗಿರಣಿ ಎಡಿಎ0’ ಎಂದು ಪಾಲಿಗೆ ಹೆಸರಿಟ್ಟು, ಎಫ್‌ಎಸ್‌ಟ್ಯಾಬ್‌ನಲ್ಲಿ ‘/ಡೆವ್/ಜಿಪಿಟಿ/ಗಿರಣಿ’ ಎಂದು ಬರೆದರೆ ಡಿಸ್ಕ್ ಯಾವ ಕೇಬಲ್‌ಗೆ ಹೋದರೂ ಚಿಂತೆ ಇಲ್ಲ. ಲೇಬಲ್ಲನ್ನು ಇಂಗ್ಲಿಷ್ ಅಕ್ಷರದಲ್ಲಿಯೇ ಇಡಿ. ಯುಎಸ್‌ಬಿ ಡಿಸ್ಕ್‌ನಿಂದಲೇ ಓಡಿಸುವ ಯಂತ್ರವಾದರೆ ಸಾಧನ ಮೇಲೇಳಲು ತಡವಾಗಿ ಇದೇ 19 ಬರಬಹುದು, ‘/ಬೂಟ್/ಲೋಡರ್.ಕಾನ್ಫ್’ ಕಡತದಲ್ಲಿ ‘ಕರ್ನ್.ಕ್ಯಾಮ್.ಬೂಟ್_ಡಿಲೇ’ಗೆ 10000 ಎಂದು ಕೊಟ್ಟರೆ ಕರ್ನಲ್ 10 ಸೆಕೆಂಡ್ ಕಾಯುತ್ತದೆ.

ಕೊನೆಯ ಬಗೆ, ಕರೆಂಟ್ ಹೋಗಿ ಬಂದ ಮೇಲೆ ‘ರನ್ ಎಫ್‌ಎಸ್‌ಸಿಕೆ ಮ್ಯಾನುಯಲಿ’ ಎಂದು ನಿಲ್ಲುವುದು. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾದರೂ ಅದರ ಹಸಿರು ದೀಪ ನೋಡಿ ಸಮಾಧಾನಪಡುವ ಕಚೇರಿಗಳಲ್ಲಿ ಇದು ಬೇಸಿಗೆಯ ಬೆಳೆ. ಎಫ್‌ಎಸ್‌ಸಿಕೆ ಎಂದರೆ ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ ದುರಸ್ತಿ ಮಾಡುವ ಆಜ್ಞೆ. ಏಕಬಳಕೆದಾರ (ಸಿಂಗಲ್ ಯೂಸರ್) ಸ್ಥಿತಿಯಲ್ಲಿ ‘ಎಫ್‌ಎಸ್‌ಸಿಕೆ -ಎಫ್ -ವೈ’ ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಸ್ಮಾರ್ಟ್ ಪಟ್ಟಿಯ 197 ಸೊನ್ನೆ ಅಲ್ಲದಿದ್ದರೆ ಎಫ್‌ಎಸ್‌ಸಿಕೆಯನ್ನು ಮುಟ್ಟಲೇಬೇಡಿ. ಅದು ಓದುವ ಸಾಧನ ಮಾತ್ರವಲ್ಲ, ಬರೆಯುವ ಸಾಧನ ಕೂಡ. ಕುಸಿಯುತ್ತಿರುವ ಡಿಸ್ಕ್ ಮೇಲೆ ಬರೆದು, ಉಳಿಸಬಹುದಾಗಿದ್ದ ಲೆಕ್ಕವನ್ನು ಅದು ‘ಲಾಸ್ಟ್+ಫೌಂಡ್’ ಎಂಬ ರಾಶಿಗೆ ಎಸೆಯಬಹುದು. ಮೊದಲು ನಕಲು, ಎಫ್‌ಎಸ್‌ಸಿಕೆ ಏನಿದ್ದರೂ ನಕಲಿನ ಮೇಲೆ.

ಎದ್ದ ಮೇಲೆ

ಯಂತ್ರ ಒಮ್ಮೆ ಎದ್ದ ಮಾತ್ರಕ್ಕೆ ಚೀಲ ಕಟ್ಟಬೇಡಿ. ‘ಜಿಪಾರ್ಟ್ ಬ್ಯಾಕಪ್ ಎಡಿಎ0’ ಕೊಟ್ಟಾಗ ಬರುವ ನಾಲ್ಕಾರು ಸಾಲುಗಳನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಉಳಿಸಿ. ಪಾಲುಗಳ ಪಟ್ಟಿ ಅಳಿಸಿಹೋದ ದಿನ ‘ಜಿಪಾರ್ಟ್ ರಿಸ್ಟೋರ್’ ಅದನ್ನು ಹಾಗೆಯೇ ಮರಳಿ ಕಟ್ಟುತ್ತದೆ. ಬೂಟ್ ದಾರಿ ಲೆಗಸಿಯೋ ಯುಇಎಫ್‌ಐಯೋ, ಬಯಾಸ್‌ನಲ್ಲಿ ಸಾಟಾ ಎಎಚ್‌ಸಿಐ ಸ್ಥಿತಿಯಲ್ಲಿದೆಯೋ ರೇಡ್ ಸ್ಥಿತಿಯಲ್ಲಿದೆಯೋ, ಬ್ಯಾಟರಿ ಹಾಕಿದ ತಿಂಗಳು ಯಾವುದು ಎಂಬುದನ್ನು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ. ಹೊರಗೆ ಅಂಟಿಸಿದ್ದು ದಸರಾದ ಆಯುಧಪೂಜೆಗೆ ಯಂತ್ರ ತೊಳೆದು ಒರೆಸುವಾಗ ಹೋಗಿಬಿಡುತ್ತದೆ.

ಆಮೇಲೆ ಎಲ್ಲ ಪೆನ್‌ಡ್ರೈವ್‌ಗಳನ್ನೂ ತೆಗೆದು, ‘ಶಟ್‌ಡೌನ್ -ಪಿ ನೌ’ ಕೊಟ್ಟು, ಗೋಡೆಯ ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿ ನೋಡಿ. ಎದ್ದಿತೇ? ದಿನಾಂಕ ಸರಿಯಿದೆಯೇ? ಇನ್ನೊಮ್ಮೆ ರೀಬೂಟ್ ಮಾಡಿ. ಸಾಧ್ಯವಾದರೆ ಇಡೀ ರಾತ್ರಿ ಮೇನ್ ಇಳಿಸಿಟ್ಟು, ಬೆಳಿಗ್ಗೆ ಗಿರಣಿ ಶುರುವಾದ ಮೇಲೆ ಗುಮಾಸ್ತರಿಂದಲೇ ಯಂತ್ರ ಹಾಕಿಸಿ ಪರದೆಯ ಫೋಟೋ ತರಿಸಿಕೊಳ್ಳಿ. ಲಾಗಿನ್ ಸಾಲು ಕಾಣಿಸಿದರೆ ಬಿಲ್ ಕಳುಹಿಸಬಹುದು.